ಆಸ್ಪತ್ರೆಗೆ ಹೋಗಿ ಇನ್ಫೆಕ್ಷನ್ ತರುವುದು ಎಷ್ಟು ಮಾಮೂಲಿ?

ಉಣಕಲ್ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾಗೆ ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಹರ್ನಿಯಾ ಆಪರೇಷನ್ ಆಯಿತು. ಒಳಗೆ ಮೆಶ್ (ಬಲೆಯಂಥ ತುಂಡು) ಹಾಕಿದ್ದಾರೆ. ಮನೆಗೆ ಬಂದು ಆರಾಮ ಇದ್ದರು. ಆಮೇಲೆ ಹೊಲಿಗೆ ಹಾಕಿದ ಜಾಗ ಕೆಂಪಾಯಿತು, ಕೀವು ಬಂತು, ಚಳಿಜ್ವರ ಶುರುವಾಯಿತು. ವಾಪಸ್ ಕರೆದುಕೊಂಡು ಹೋದರೆ ಡಾಕ್ಟರು "ಇದು ಎಲ್ಲಾ ಕಡೆ ಆಗುತ್ತದೆ, ಅಮೆರಿಕದಲ್ಲೂ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ" ಅಂದರು. ಮತ್ತೆ ಅಡ್ಮಿಟ್, ಮತ್ತೆ ಬಿಲ್ಲು.

ನನ್ನ ಪ್ರಶ್ನೆ ಇಷ್ಟೇ. ಇದು ನಿಜವಾಗಿಯೂ ಎಲ್ಲಾ ದೇಶಗಳಲ್ಲಿ ಆಗುತ್ತದಾ, ಇಲ್ಲಾ ನಮ್ಮನ್ನು ಸುಮ್ಮನಾಗಿಸಲು ಹೇಳಿದ ಮಾತಾ? ಆಗುತ್ತದೆ ಅಂದರೆ ನೂರಕ್ಕೆ ಎಷ್ಟು ಜನಕ್ಕೆ? ಆಸ್ಪತ್ರೆ ಹೆಸರು ಮಾತ್ರ ಕೇಳಬೇಡಿ. ಕಾಕಾ ಇನ್ನೂ ಅಲ್ಲೇ ತೋರಿಸುತ್ತಿದ್ದಾರೆ.

ಗೋಕುಲ ರೋಡ್ ಕಾಕಾ
ಸುಮ್ಮನಾಗಿಸುವ ಮಾತೇ. ಬಿಲ್ಲಿಗೆ ಇನ್ನೊಂದು ಸಾಲು ಸೇರಿಸಲು ಒಳ್ಳೆಯ ದಾರಿ.

ಸಪ್ತಾಪುರ ಲೈಬ್ರರಿ
ಪೂರ್ತಿ ಸುಳ್ಳಲ್ಲ ರೀ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಆಸ್ಪತ್ರೆ ಸೋಂಕು ತಡೆಯುವ ಬಗ್ಗೆ ತನ್ನ ಮೊದಲ ಜಾಗತಿಕ ವರದಿ ತಂದಿತು. ಆಸ್ಪತ್ರೆಗೆ ಸೇರಿದ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನಕ್ಕೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಜನಕ್ಕೆ ಅಲ್ಲಿಯೇ ಕನಿಷ್ಠ ಒಂದು ಸೋಂಕು ಅಂಟುತ್ತದೆ. ಅಂಟಿದವರಲ್ಲಿ ಸರಾಸರಿ 10ಕ್ಕೆ ಒಬ್ಬರು ಅದರಿಂದಲೇ ಸಾಯುತ್ತಾರೆ. ಕೆಎಎಸ್ ಓದುವವರಿಗೆ ಇವೆಲ್ಲ ಬಾಯಿಪಾಠ.

ಚಿಗರಿ ಪ್ಯಾಸೆಂಜರ್
100ಕ್ಕೆ 15 ಅಂದರೆ ಹೆಚ್ಚು ಕಡಿಮೆ ಏಳು ಹಾಸಿಗೆಗೆ ಒಬ್ಬರು! ಜನರಲ್ ವಾರ್ಡಿನ ಒಂದು ಸಾಲಿನಲ್ಲೇ ಒಬ್ಬರು ಸಿಕ್ಕರು.

ಗೋಕುಲ ರೋಡ್ ಕಾಕಾ
ನೋಡಿ, ಅಮೆರಿಕದ ಎರಡು ಪಟ್ಟು ನಮ್ಮಲ್ಲಿ. ಡಾಕ್ಟರು ಅಷ್ಟು ಮಾತ್ರ ಬಿಟ್ಟು ಹೇಳಿದರು.

ಅಂಕಿ ಮಾಸ್ತರ್, ಧಾರವಾಡ
ಕಾಕಾ, ಸ್ವಲ್ಪ ತಡೆಯಿರಿ. 7 ಅನ್ನುವುದು ಎಲ್ಲಾ ಶ್ರೀಮಂತ ದೇಶಗಳನ್ನು ಕೂಡಿಸಿದ್ದು, ಅಮೆರಿಕ ಒಂದರದ್ದಲ್ಲ. ಅಮೆರಿಕದವರು ಬೇರೆ ತರಹ ಎಣಿಸಿದ್ದಾರೆ. ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವುದು, ಯಾವುದಾದರೂ ಒಂದು ದಿನ ಆಸ್ಪತ್ರೆಗಳಿಗೆ ಹೋಗಿ ನೋಡಿದರೆ 31 ರೋಗಿಗಳಲ್ಲಿ ಒಬ್ಬರಿಗೆ ಇಂಥ ಸೋಂಕು ಇರುತ್ತದೆ ಅಂತ. ಅದು 2015ರ ಸಮೀಕ್ಷೆ. 2011ರಲ್ಲಿ 25ಕ್ಕೆ ಒಬ್ಬರು ಇದ್ದರು. 2015ರಲ್ಲಿ ಇಡೀ ವರ್ಷಕ್ಕೆ ಅಂದಾಜು 6,87,000 ಸೋಂಕುಗಳು, ಸೋಂಕು ತಗಲಿದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಅಂದಾಜು 72,000. ಯುರೋಪಿನವರ 2022-23ರ ಸಮೀಕ್ಷೆಯಲ್ಲಿ ವರ್ಷಕ್ಕೆ ಸುಮಾರು 43 ಲಕ್ಷ ರೋಗಿಗಳಿಗೆ ಇಂಥ ಸೋಂಕು. ಹಾಗಾಗಿ ಡಾಕ್ಟರು "ಅಮೆರಿಕದಲ್ಲೂ" ಅಂದಿದ್ದು ಸುಳ್ಳಲ್ಲ.

ಆದರೆ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾರು ಮೇಲು ಅಂತ ಹೇಳಲು ಆಗುವುದಿಲ್ಲ. ಒಂದು ದಿನ ಹೋಗಿ ಎಣಿಸುವುದು ಬೇರೆ. ಅಡ್ಮಿಟ್ ಆದ ದಿನದಿಂದ ಡಿಸ್ಚಾರ್ಜ್ ತನಕ ಬೆನ್ನು ಹತ್ತಿ ಎಣಿಸುವುದು ಬೇರೆ. ಒಂದು ದಿನದ ಎಣಿಕೆಯಲ್ಲಿ ವಾರಗಟ್ಟಲೆ ಮಲಗಿದವರೇ ಜಾಸ್ತಿ ಸಿಗುತ್ತಾರೆ, ಅವರಿಗೇ ಸೋಂಕೂ ಜಾಸ್ತಿ. ಬೆಳಿಗ್ಗೆ ಬಂದು ಮರುದಿನ ಹೋದವರು ತಪ್ಪಿಹೋಗುತ್ತಾರೆ.

ಇನ್ನೊಂದು ಮಾತು. ಆ 15 ಎಲ್ಲಿಂದ ಬಂತು? ಎಣಿಸಿದ ಆಸ್ಪತ್ರೆಗಳಿಂದ. ಅಂದರೆ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳು, ಮೆಡಿಕಲ್ ಕಾಲೇಜುಗಳು. ನಮ್ಮ ಓಣಿಯ ಹನ್ನೆರಡು ಹಾಸಿಗೆಯ ನರ್ಸಿಂಗ್ ಹೋಮನ್ನು ಯಾರು ಎಣಿಸಲು ಹೋಗಿದ್ದಾರೆ?

ಬ್ಯಾಡಗಿ ಮೆಣಸಿನಕಾಯಿ
ಒಂದು ಆಸ್ಪತ್ರೆಯ ಲಾಬಿಯಲ್ಲಿ "ನಮ್ಮಲ್ಲಿ ಸೋಂಕಿನ ಪ್ರಮಾಣ ಸೊನ್ನೆ" ಅಂತ ಬರೆದ ಬ್ಯಾನರ್ ನೋಡಿದ್ದೆ. ಹಂಗಾದರೆ ಅಲ್ಲಿಗೇ ಹೋಗಬೇಕಲ್ವಾ?

ಅಂಕಿ ಮಾಸ್ತರ್, ಧಾರವಾಡ
ನಾನಾದರೆ ಆ ಬ್ಯಾನರ್ ನೋಡಿ ಹೆದರುತ್ತೇನೆ. ಹೊಲಿಗೆಯ ಸೋಂಕು ಬಹಳಷ್ಟು ಸಲ ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳುತ್ತದೆ. ರೋಗಿ ಸಿಟ್ಟಿಗೆದ್ದು ಬೇರೆ ಡಾಕ್ಟರ ಹತ್ತಿರ ಹೋಗುತ್ತಾನೆ. ಮೊದಲನೇ ಆಸ್ಪತ್ರೆಯ ಪುಸ್ತಕದಲ್ಲಿ ಅವನು ಗುಣವಾಗಿ ಹೋದವನು. ಫೋನ್ ಮಾಡಿ ಗಾಯ ಹೇಗಿದೆ ಅಂತ ಕೇಳುವ ಆಸ್ಪತ್ರೆಯ ಅಂಕಿ ಮೇಲೆ ಹೋಗುತ್ತದೆ, ಕೇಳದವರದ್ದು ಕೆಳಗೆ ಉಳಿಯುತ್ತದೆ. ಲೆಕ್ಕ ಇಟ್ಟವನೇ ಕೆಟ್ಟವನಾಗಿ ಕಾಣುತ್ತಾನೆ.

ನೈಟ್ ಡ್ಯೂಟಿ ಸಿಸ್ಟರ್
ಐಸಿಯುನಲ್ಲಿ ಕೆಲಸ ಮಾಡುವವಳು ನಾನು. ಎಲ್ಲಿ ಅಂತ ಹೇಳಲ್ಲ. ಒಂದೆರಡು ವಿಷಯ ಸೇರಿಸುತ್ತೇನೆ.

ಅಡ್ಮಿಟ್ ಆಗುವಾಗಲೇ ಇದ್ದ ಸೋಂಕನ್ನು ಇದಕ್ಕೆ ಸೇರಿಸುವುದಿಲ್ಲ. ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ ಶುರುವಾದದ್ದನ್ನು ಆಸ್ಪತ್ರೆಯಲ್ಲಿ ಬಂದದ್ದು ಅಂತ ಹಿಡಿಯುತ್ತಾರೆ. ಆಪರೇಷನ್ ಗಾಯವಾದರೆ 30 ದಿನದವರೆಗೆ. ಮಂಡಿ ಕೀಲು, ಪ್ಲೇಟು, ಮೆಶ್ ಅಂಥದ್ದು ಒಳಗೆ ಇಟ್ಟಿದ್ದರೆ 90 ದಿನದವರೆಗೂ ನೋಡುತ್ತಾರೆ. ಉಣಕಲ್ ತಮ್ಮಾ, ನಿಮ್ಮ ಕಾಕಾರದ್ದು ಇದರಲ್ಲೇ ಬರುತ್ತದೆ.

ನಮ್ಮನ್ನು ಹೆಚ್ಚಾಗಿ ಕಾಡುವುದು ನಾಲ್ಕು: ಯೂರಿನ್ ಪೈಪಿನಿಂದ ಮೂತ್ರದ ಸೋಂಕು, ಕುತ್ತಿಗೆಗೋ ಎದೆಗೋ ಹಾಕಿದ ಸೆಂಟ್ರಲ್ ಲೈನಿನಿಂದ ರಕ್ತದ ಸೋಂಕು, ವೆಂಟಿಲೇಟರಿನಿಂದ ನ್ಯುಮೋನಿಯಾ, ಆಪರೇಷನ್ ಗಾಯ. ಮೊದಲ ಮೂರೂ ದೇಹದೊಳಗೆ ನಾವು ಹಾಕಿದ ಪೈಪಿನಿಂದ ಬರುವವು. ಹಾಕಿದ್ದು ಎಷ್ಟು ದಿನ ಇರುತ್ತದೋ ಅಷ್ಟು ಅಪಾಯ. ಶ್ರೀಮಂತ ದೇಶಗಳಲ್ಲೂ ಐಸಿಯು ರೋಗಿಗಳಲ್ಲಿ ಸುಮಾರು 30% ಜನಕ್ಕೆ ಒಂದಲ್ಲ ಒಂದು ಸೋಂಕು ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಹಾಗಾಗಿ ಐಸಿಯುನಲ್ಲಿ ಬರೀ "ನೂರು ರೋಗಿಗೆ ಇಷ್ಟು" ಅಂತ ಎಣಿಸಿದರೆ ಸಾಲದು. ಸಾವಿರ "ಪೈಪ್ ದಿನ"ಕ್ಕೆ ಎಷ್ಟು ಅಂತ ಎಣಿಸುತ್ತಾರೆ. ದಿನಾ 15 ರೋಗಿಗೆ ಯೂರಿನ್ ಪೈಪ್ ಇದೆ ಅನ್ನಿ. ತಿಂಗಳಿಗೆ 450 ಪೈಪ್ ದಿನ. ಅದರಲ್ಲಿ 3 ಸೋಂಕು ಬಂದರೆ ಸಾವಿರಕ್ಕೆ ಸುಮಾರು 6.7. ದೆಹಲಿಯ ಏಮ್ಸ್ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಸೇರಿ ನಡೆಸುವ ಜಾಲದಲ್ಲಿ ದೇಶದ ಬೇರೆ ಬೇರೆ ಆಸ್ಪತ್ರೆಗಳ ಐಸಿಯುಗಳು ಹೀಗೇ ಲೆಕ್ಕ ಕೊಡುತ್ತವೆ.

ಚಿಗರಿ ಪ್ಯಾಸೆಂಜರ್
ಇದು ಗೊತ್ತಿರಲಿಲ್ಲ ಸಿಸ್ಟರ್. ಥ್ಯಾಂಕ್ಸ್.

ಕೇಶ್ವಾಪುರದ ಅಕ್ಕ
ನಮ್ಮ ಅತ್ತೆ ಐಸಿಯುನಲ್ಲಿದ್ದಾಗ ನಾನು ನೋಡಿದ್ದು ಹೇಳುತ್ತೇನೆ. ಬಾಗಿಲಲ್ಲಿ ಸೆಕ್ಯುರಿಟಿಯವರು ಚಪ್ಪಲಿ ಬಿಡಿಸುತ್ತಾರೆ. ಚಪ್ಪಲಿ ವಿಷಯದಲ್ಲಿ ದೇವಸ್ಥಾನಕ್ಕಿಂತ ಕಟ್ಟುನಿಟ್ಟು! ಬಿಟ್ಟರೆ ಅಲ್ಲೇ ಇಟ್ಟಿರುವ, ಎಲ್ಲರೂ ಹಾಕಿ ಬಿಟ್ಟ ಸ್ಲಿಪ್ಪರ್ ಹಾಕಿಕೊಳ್ಳಬೇಕು. ಬಗ್ಗಿ ಅದನ್ನು ಕೈಯಿಂದ ಸರಿ ಮಾಡಿಕೊಂಡು ಒಳಗೆ ಹೋಗಿ ಅದೇ ಕೈಯಿಂದ ಅತ್ತೆಯ ಹಣೆ ಮುಟ್ಟಬೇಕು. ಕೈ ತೊಳೆಯಿರಿ ಅಂತ ಯಾರೂ ಹೇಳಲಿಲ್ಲ. ಗೋಡೆಗೆ ಹ್ಯಾಂಡ್ ರಬ್ (ಸ್ಯಾನಿಟೈಸರ್) ಬಾಟಲಿ ಇತ್ತು. ಒತ್ತಿದರೆ ಖಾಲಿ.

ನೈಟ್ ಡ್ಯೂಟಿ ಸಿಸ್ಟರ್
ಅಕ್ಕಾ, ನೂರಕ್ಕೆ ನೂರು ನಿಜ. ಪಾದದಿಂದ ಬರುವುದಕ್ಕಿಂತ ಕೈಯಿಂದ ಬರುವುದೇ ಜಾಸ್ತಿ. ಆದರೆ ಚಪ್ಪಲಿ ಬಿಡಿಸಿದರೆ ಎಲ್ಲರಿಗೂ ಕಾಣುತ್ತದೆ, "ಇಲ್ಲಿ ಭಾಳ ಕ್ಲೀನ್" ಅನ್ನಿಸುತ್ತದೆ. ಕೈ ತೊಳೆದದ್ದು ಯಾರಿಗೂ ಕಾಣುವುದಿಲ್ಲ.

ಗೋಕುಲ ರೋಡ್ ಕಾಕಾ
ಸಿಸ್ಟರ್, ನಿಮ್ಮವರದ್ದೂ ಹೇಳಿ. ಒಬ್ಬರು ಗ್ಲೌಸ್ ಹಾಕಿಕೊಂಡು ಒಬ್ಬ ರೋಗಿಯ ಡ್ರೆಸ್ಸಿಂಗ್ ಮಾಡಿದರು. ಅದೇ ಗ್ಲೌಸಿನಲ್ಲಿ ಫೈಲ್ ಹಿಡಿದರು, ಫೋನ್ ಎತ್ತಿದರು, ನನ್ನ ಸಲೈನ್ ತಿರುಗಿಸಿದರು. ಕಣ್ಣಾರೆ ನೋಡಿದ್ದೇನೆ.

ನೈಟ್ ಡ್ಯೂಟಿ ಸಿಸ್ಟರ್
ತಪ್ಪು. ಅದನ್ನು ಸಮರ್ಥಿಸುವುದಿಲ್ಲ. ಹೀಗೆ ಒಂದೇ ಗ್ಲೌಸಿನಲ್ಲಿ ತಿರುಗಿದರೆ ಹಾಕಿದವರ ಕೈಗೆ ಮಾತ್ರ ರಕ್ಷಣೆ, ರೋಗಿಗಲ್ಲ. ಬಿಚ್ಚಿದ ಮೇಲೂ ಕೈ ಸ್ವಚ್ಛ ಮಾಡಲೇಬೇಕು.

ಆದರೆ ಕಾಕಾ, ರಾತ್ರಿ ವಾರ್ಡಿನಲ್ಲಿ ಒಬ್ಬಳೇ ಇರುತ್ತೇವೆ. ನಿಯಮ ಹೇಳುವುದು ಐದು ಹೊತ್ತು: ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್ ಅಥವಾ ಪೈಪ್ ಕೆಲಸದ ಮೊದಲು, ರಕ್ತ ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ ಟೇಬಲ್ ಮುಟ್ಟಿದ ಮೇಲೆ. ಸೋಪು ನೀರಿನಲ್ಲಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು, ಹ್ಯಾಂಡ್ ರಬ್ಬಿಗೆ 20ರಿಂದ 30. ಒಂದು ರಾತ್ರಿಗೆ ಎಷ್ಟು ಸಲ ಆಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಸಿಂಕ್ ವಾರ್ಡಿನ ಆ ತುದಿಯಲ್ಲಿದ್ದರೆ ಯಾರು ನಡೆಯುತ್ತಾರೆ? ಅದಕ್ಕೇ ಪ್ರತಿ ಮಂಚದ ಹತ್ತಿರ ಬಾಟಲಿ ಇರಬೇಕು ಅನ್ನುವುದು.

ಅಂಕಿ ಮಾಸ್ತರ್, ಧಾರವಾಡ
ಇದಕ್ಕೆ ಒಳ್ಳೆಯ ಸಾಕ್ಷಿ ಜಿನೀವಾದ ಆಸ್ಪತ್ರೆಯದ್ದು. ಡಿಡಿಯೇ ಪಿಟೆ ಅನ್ನುವ ಡಾಕ್ಟರ ತಂಡ ಮಂಚದ ಪಕ್ಕವೇ ಹ್ಯಾಂಡ್ ರಬ್ ಸಿಗುವಂತೆ ಮಾಡಿತು, ಗೋಡೆಗಳ ಮೇಲೆ ಪೋಸ್ಟರ್ ಹಾಕಿತು, ಸಿಬ್ಬಂದಿಯನ್ನು ಗಮನಿಸುತ್ತ ಹೋಯಿತು. 1994ರಲ್ಲಿ ಕೈ ಸ್ವಚ್ಛ ಮಾಡಬೇಕಾದ ಹೊತ್ತಿನಲ್ಲಿ 48% ಸಲ ಮಾಡುತ್ತಿದ್ದರು. 1997ಕ್ಕೆ 66% ಆಯಿತು. ಅದೇ ಹೊತ್ತಿಗೆ ಸೋಂಕು 16.9%ನಿಂದ 9.9%ಗೆ ಇಳಿಯಿತು. ಗಮನಿಸಿ, ಸ್ವಿಟ್ಜರ್ಲೆಂಡಿನ ದೊಡ್ಡ ಆಸ್ಪತ್ರೆಯಲ್ಲೇ 16.9 ಇತ್ತು! ಅದನ್ನು ಮುಚ್ಚಿಡದೆ ಪ್ರಕಟ ಮಾಡಿದರು.

ಸಪ್ತಾಪುರ ಲೈಬ್ರರಿ
ಅಂದರೆ ಅಲ್ಲಿನ ಡಾಕ್ಟರು ನರ್ಸುಗಳೂ ಅರ್ಧಕ್ಕರ್ಧ ಸಲ ಕೈ ತೊಳೆಯುತ್ತಿರಲಿಲ್ಲ. ಸಮಾಧಾನ ಆಯಿತು ಅನ್ನಬೇಕೋ ಹೆದರಬೇಕೋ.

ರಾಣೇಬೆನ್ನೂರು ಗುರುಗಳು
ಕೈ ತೊಳೆಯಿರಿ ಅಂದವನನ್ನೇ ಹುಚ್ಚ ಅಂದ ಕಥೆ ನಿಮಗೆ ಗೊತ್ತಾ? ವಿಯೆನ್ನಾದ ಹೆರಿಗೆ ಆಸ್ಪತ್ರೆ, 1847. ಎರಡು ವಾರ್ಡು. ಒಂದರಲ್ಲಿ ಡಾಕ್ಟರು ಮತ್ತು ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರ ವಾರ್ಡಿನಲ್ಲಿ ಬಾಣಂತಿಯರು ಎರಡು ಪಟ್ಟಿಗಿಂತ ಜಾಸ್ತಿ ಸಾಯುತ್ತಿದ್ದರು. ಆ ವಾರ್ಡು ಬೇಡ ಅಂತ ಹೆಂಗಸರು ಕಾಲಿಗೆ ಬೀಳುತ್ತಿದ್ದರಂತೆ. ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ ಸ್ನೇಹಿತನೊಬ್ಬ ಹೆಣ ಕೊಯ್ಯುವಾಗ ಚಾಕು ತಾಗಿ, ಬಾಣಂತಿಯರಿಗೆ ಬರುವಂಥದ್ದೇ ಜ್ವರ ಬಂದು ಸತ್ತ. ಆಗ ಹೊಳೆಯಿತು. ವಿದ್ಯಾರ್ಥಿಗಳು ಹೆಣದ ಕೋಣೆಯಿಂದ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದ. 1847ರ ಏಪ್ರಿಲಿನಲ್ಲಿ ನೂರಕ್ಕೆ 18ರ ಹತ್ತಿರ ಇದ್ದ ಸಾವು ಕೆಲವೇ ತಿಂಗಳಲ್ಲಿ 2ರ ಹತ್ತಿರ ಬಂತು. ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ನಮ್ಮ ಕೈ ಹೊಲಸೇ ಅಂತ ಸಿಟ್ಟಾದರು. 1865ರಲ್ಲಿ ಅವನು ಹುಚ್ಚಾಸ್ಪತ್ರೆಯಲ್ಲಿ ಸತ್ತ, ಅದೂ ಗಾಯ ನಂಜಾಗಿ.

ಚಿಗರಿ ಪ್ಯಾಸೆಂಜರ್
ಗುರುಗಳೇ ಪಾಠ ಚೆನ್ನಾಗಿತ್ತು. ಪರೀಕ್ಷೆಗೆ ಬರುತ್ತಾ?

ಸಪ್ತಾಪುರ ಲೈಬ್ರರಿ
ಬಂದರೂ ಬರಬಹುದು. ನೋಟ್ಸ್ ಮಾಡಿಕೊಂಡೆ.

ಬ್ಯಾಡಗಿ ಮೆಣಸಿನಕಾಯಿ
ಆಸ್ಪತ್ರೆಯವರನ್ನು ಬಯ್ಯುವುದು ಸರಿ, ನಮ್ಮ ಜನರದ್ದು? ನಮ್ಮಪ್ಪ ಹುಬ್ಬಳ್ಳಿಯಲ್ಲಿ ಅಡ್ಮಿಟ್ ಆಗಿದ್ದಾಗ ಊರಿಂದ ಟ್ರ್ಯಾಕ್ಸ್ ಮಾಡಿಕೊಂಡು ಬಂದರು. ಎಳನೀರು, ಬಿಸ್ಕೀಟು, ಮೋಸಂಬಿ. ಎಲ್ಲರೂ ಮಂಚದ ಮೇಲೇ ಕುಳಿತರು. ಒಬ್ಬರು ಯೂರಿನ್ ಬ್ಯಾಗ್ ಎತ್ತಿ ಮಂಚದ ಮೇಲೆ ಇಟ್ಟು "ಇಲ್ಲಿ ಇರಲಿ, ಕಾಲಿಗೆ ತಾಗುತ್ತೆ" ಅಂದರು. ಬರಬೇಡಿ ಅಂದರೆ ಸಂಬಂಧವೇ ಕೆಡುತ್ತದೆ. "ನೋಡಲಿಕ್ಕೂ ಬರಲಿಲ್ಲ" ಅಂತ ಹತ್ತು ವರ್ಷ ಅನ್ನಿಸಿಕೊಳ್ಳಬೇಕು.

ನೈಟ್ ಡ್ಯೂಟಿ ಸಿಸ್ಟರ್
ಅಯ್ಯೋ, ಯೂರಿನ್ ಬ್ಯಾಗ್ ಯಾವತ್ತೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು. ಮೇಲೆ ಇಟ್ಟರೆ ಬ್ಯಾಗಿನದು ವಾಪಸ್ ಒಳಗೆ ಹರಿಯುತ್ತದೆ. ನೆಲಕ್ಕೂ ತಾಗಬಾರದು. ದಯವಿಟ್ಟು ಇದನ್ನು ನಿಮ್ಮ ಊರಿನ ಗ್ರೂಪಿಗೆ ಹಾಕಿ.

ಕೇಶ್ವಾಪುರದ ಅಕ್ಕ
ಟ್ರ್ಯಾಕ್ಸಿನಲ್ಲಿ ಬಂದವರು ಹೊರಗೆ ಗಿರಮಿಟ್ಟು ಮಿರ್ಚಿ ತಿಂದೇ ಹೋಗಿರುತ್ತಾರೆ ಬಿಡಿ.

ಬ್ಯಾಡಗಿ ಮೆಣಸಿನಕಾಯಿ
ತಿಂದರು. ಬಿಲ್ಲು ನಾನೇ ಕೊಟ್ಟೆ.

ಚಿಗರಿ ಪ್ಯಾಸೆಂಜರ್
ಆಸ್ಪತ್ರೆ ಗೇಟಿನ ಮುಂದಿನ ಮಿರ್ಚಿಗೆ ಬೇರೆಯೇ ರುಚಿ. ಕೋರ್ಟ್ ಸರ್ಕಲ್ ಹತ್ತಿರ...

ವೇದಿಕೆ ನಿರ್ವಾಹಕ
ಮಿರ್ಚಿಗೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ನಡೆಯಿರಿ.

ಗೋಕುಲ ರೋಡ್ ಕಾಕಾ
ವಿದೇಶಿಯರು ನಮ್ಮ ದೇಶಕ್ಕೆ ಕೆಟ್ಟ ಹೆಸರು ತರಲು ಈ ಅಂಕಿ ಜಾಸ್ತಿ ತೋರಿಸುತ್ತಾರೆ ಅನ್ನುವವರೂ ಇದ್ದಾರೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಒಂದು ಜೀನಿಗೆ ನವದೆಹಲಿಯ ಹೆಸರಿಟ್ಟದ್ದಕ್ಕೆ 2010ರಲ್ಲಿ ಆದ ಎನ್‌ಡಿಎಂ-1 ಗಲಾಟೆ ನೆನಪಿದೆಯಾ?

ಲ್ಯಾಬ್ ಮನುಷ್ಯ, ಗದಗ
ಕಾಕಾ, ಮೊದಲು ಡಾಕ್ಟರು ಮೋಸ ಮಾಡುತ್ತಾರೆ ಅಂದಿರಿ, ಈಗ ಅಂಕಿಯೇ ಮೋಸ ಅನ್ನುತ್ತೀರಿ. ಒಂದು ಕಡೆ ನಿಲ್ಲಿ!

ಎನ್‌ಡಿಎಂ-1 ಇರುವ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ನಿಜವಾಗಿಯೂ ಸಿಗುತ್ತವೆ. ಹೆಸರಿನ ಜಗಳ ರಾಜಕಾರಣಿಗಳಿಗೆ ಬಿಡೋಣ. ನಮ್ಮ ದೇಶದ ಐಸಿಯುಗಳಲ್ಲಿ ಜಾಸ್ತಿ ಕಾಟ ಕೊಡುವುದು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೋಮೊನಾಸ್, ಇ. ಕೋಲೈ. ಇವುಗಳಲ್ಲಿ ಬಹಳಷ್ಟು ಕಾರ್ಬಪೆನೆಮ್ ಅನ್ನುವ ದೊಡ್ಡ ಆಂಟಿಬಯೋಟಿಕ್ಕಿಗೂ ಬಗ್ಗುವುದಿಲ್ಲ. ಆಗ ಉಳಿಯುವುದು ಕೊಲಿಸ್ಟಿನ್ ಅಂಥ ಒಂದೆರಡು ಔಷಧ. ಅವು ಕಿಡ್ನಿಗೆ ಹೊಡೆತ ಕೊಡುತ್ತವೆ. ಅಂದರೆ ಅಲ್ಲಿ 7, ಇಲ್ಲಿ 15 ಅನ್ನುವುದಷ್ಟೇ ವ್ಯತ್ಯಾಸವಲ್ಲ. ಇಲ್ಲಿ ಅಂಟಿದ್ದನ್ನು ಬಿಡಿಸುವುದೂ ಕಷ್ಟ.

ಉಣಕಲ್ ಅಣ್ಣಾ, ಕಾಕಾರ ಕೀವನ್ನು ಕಲ್ಚರಿಗೆ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದ್ದಾರಾ? ಹೊಸ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕಳಿಸಬೇಕು. ರಿಪೋರ್ಟಿಗೆ ಎರಡು ಮೂರು ದಿನ ಬೇಕು. ಎಷ್ಟೋ ಕಡೆ "ಮೊದಲು ಔಷಧ ಕೊಟ್ಟು ನೋಡೋಣ" ಅಂತ ಒಂದಾದ ಮೇಲೊಂದು ಬದಲಿಸುತ್ತಾರೆ. ಕೊನೆಗೆ ಸ್ಯಾಂಪಲ್ ನಮ್ಮ ಹತ್ತಿರ ಬಂದಾಗ ಏನೂ ಬೆಳೆಯುವುದಿಲ್ಲ.

ಉಣಕಲ್ ಹುಡುಗ
ಕಳಿಸಿದ್ದಾರೆ, ಆದರೆ ಇಂಜೆಕ್ಷನ್ ಶುರುವಾದ ಮೇಲೆ. ರಿಪೋರ್ಟ್ ಬಂದಿಲ್ಲ. ಇಷ್ಟೆಲ್ಲ ಓದಿ ಒಂದು ಪ್ರಶ್ನೆ. ಇದು ತಪ್ಪಿಸಬಹುದಾದದ್ದಾ, ಹಣೆಬರಹವಾ?

ಅಂಕಿ ಮಾಸ್ತರ್, ಧಾರವಾಡ
ಅದೇ 2022ರ ವರದಿಯಲ್ಲಿ ಉತ್ತರ ಇದೆ. ಕೈ ಸ್ವಚ್ಛತೆ ಮತ್ತು ಉಳಿದ ಕ್ರಮಗಳನ್ನು ಸರಿಯಾಗಿ ಮಾಡಿದರೆ 70%ವರೆಗೆ ತಡೆಯಬಹುದು. ಪೂರ್ತಿ ಅಲ್ಲ. ಎಲ್ಲಾ ಸರಿ ಮಾಡಿದರೂ ಕೆಲವರಿಗೆ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ವಯಸ್ಸಾದವರು, ಬೀಡಿ ಸಿಗರೇಟು ಸೇದುವವರಿಗೆ ಜಾಸ್ತಿ.

ಅಮೆರಿಕದ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2006ರಲ್ಲಿ ಬಂತು. ಪೀಟರ್ ಪ್ರೊನೊವೋಸ್ಟ್ ಅನ್ನುವ ಡಾಕ್ಟರು ಸೆಂಟ್ರಲ್ ಲೈನ್ ಹಾಕಲು ಐದು ಕೆಲಸ ಬರೆದುಕೊಟ್ಟರು: ಕೈ ತೊಳೆ, ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಾಶಕ ಹಚ್ಚು, ಮಾಸ್ಕ್ ಗೌನ್ ಹಾಕಿ ರೋಗಿಗೆ ಪೂರ್ತಿ ಬಟ್ಟೆ ಹೊದಿಸು, ತೊಡೆಸಂದಿಯಲ್ಲಿ ಹಾಕಬೇಡ, ಬೇಡವಾದ ಕೂಡಲೇ ತೆಗೆ. ಡಾಕ್ಟರು ಒಂದು ಹೆಜ್ಜೆ ಬಿಟ್ಟರೂ ನಿಲ್ಲಿಸುವ ಹಕ್ಕು ನರ್ಸಿಗೆ ಕೊಟ್ಟರು. ಒಂದೂವರೆ ವರ್ಷದಲ್ಲಿ ರಕ್ತದ ಸೋಂಕು 66%ರಷ್ಟು ಕಡಿಮೆಯಾಯಿತು. ಹೊಸ ಮಷಿನ್ನೂ ಇಲ್ಲ, ಹೊಸ ಔಷಧವೂ ಇಲ್ಲ.

ನೈಟ್ ಡ್ಯೂಟಿ ಸಿಸ್ಟರ್
ನಮ್ಮ ಕಡೆ ಸರ್ಜನ್ ಸಾಹೇಬರಿಗೆ "ಸರ್, ನಿಲ್ಲಿಸಿ" ಅಂದು ನೋಡಿ. ಮರುದಿನ ಡ್ಯೂಟಿ ಪಟ್ಟಿಯಲ್ಲಿ ಹೆಸರು ಎಲ್ಲಿರುತ್ತದೋ. ಬೇರೆ ದೇಶದ ಐದು ಸಾಲು ತರುವುದು ಸುಲಭ. ಆ ಹಕ್ಕು ತರುವುದು ಕಷ್ಟ.

ಲ್ಯಾಬ್ ಮನುಷ್ಯ, ಗದಗ
ಹೌದು ರೀ ಸಿಸ್ಟರ್.

ರಾಣೇಬೆನ್ನೂರು ಗುರುಗಳು
ಸರ್ಕಾರಿ ಆಸ್ಪತ್ರೆಗಳ ಬಗ್ಗೆಯೂ ಒಂದು ಮಾತು. ಎಲ್ಲರೂ ಅಲ್ಲಿ ಹೊಲಸು ಅಂತಾರೆ. ಆದರೆ 2015ರಿಂದ ಕೇಂದ್ರದ ಕಾಯಕಲ್ಪ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಸ್ವಚ್ಛತೆ, ತ್ಯಾಜ್ಯ ವಿಲೇವಾರಿ, ಸೋಂಕು ನಿಯಂತ್ರಣ ಎಲ್ಲಾ ನೋಡಿ ಅಂಕ ಕೊಡುತ್ತಾರೆ, ಬಹುಮಾನವೂ ಇದೆ. ಖಾಸಗಿಯಲ್ಲಿ ನೆಲಕ್ಕೆ ಟೈಲ್ಸ್ ಹೊಳೆಯುತ್ತದೆ ಅಂದ ಮಾತ್ರಕ್ಕೆ ಸೋಂಕು ಕಡಿಮೆ ಅಂತ ಹೇಳಲಾಗದು.

ಗೋಕುಲ ರೋಡ್ ಕಾಕಾ
ಗುರುಗಳೇ, ನೀವು ಸರ್ಕಾರಿ ಆಸ್ಪತ್ರೆಯ ಟಾಯ್ಲೆಟ್ಟಿಗೆ ಹೋಗಿ ಬಂದು ಈ ಮಾತು ಹೇಳಿ.

ರಾಣೇಬೆನ್ನೂರು ಗುರುಗಳು
ಹೋಗಿದ್ದೇನೆ. ನನ್ನ ಆಪರೇಷನ್ ಅಲ್ಲೇ ಆಗಿದ್ದು. ಹೊಲಿಗೆಗೆ ಏನೂ ಆಗಲಿಲ್ಲ. ಟಾಯ್ಲೆಟ್ ವಿಷಯದಲ್ಲಿ ಮಾತ್ರ ನಿಮ್ಮ ಕಡೆಗೇ ನನ್ನ ಓಟು.

ಹಾವೇರಿ ತವರು
ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ತಂಗಿಗೆ ಸೋಮವಾರ ಸಿಸೇರಿಯನ್ ಇದೆ. ಇದೆಲ್ಲ ಓದಿ ಹೆದರಿಕೆ ಆಗಿದೆ. ಮನೆಯಲ್ಲೇ ಬ್ಲೇಡಿನಿಂದ ಕೂದಲು ತೆಗೆದುಕೊಂಡು ಬಾ ಅಂತ ಅವ್ವ ಹೇಳುತ್ತಿದ್ದಾಳೆ. ಮಾಡಬಹುದಾ?

ನೈಟ್ ಡ್ಯೂಟಿ ಸಿಸ್ಟರ್
ಬೇಡವೇ ಬೇಡ ತಂಗೀ. ಬ್ಲೇಡಿನಿಂದ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ, ಅಲ್ಲೇ ಬ್ಯಾಕ್ಟೀರಿಯಾ ಕೂರುತ್ತವೆ. ತೆಗೆಯದಿದ್ದರೂ ನಡೆಯುತ್ತದೆ. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಿಂದ ತೆಗೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಅವ್ವಗೆ ನನ್ನ ಹೆಸರು ಹೇಳಿ, ಬಯ್ಯುವುದಾದರೆ ನನ್ನನ್ನೇ ಬಯ್ಯಲಿ.

ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ಒಗೆದ ಬಟ್ಟೆ ಹಾಕಿಸಿ. ಆಂಟಿಬಯೋಟಿಕ್ ಇಂಜೆಕ್ಷನ್ ಕೊಯ್ಯುವ ಮೊದಲೇ ಕೊಡಬೇಕು, ಕೊಟ್ಟಿರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಯೂರಿನ್ ಪೈಪ್ ಯಾವಾಗ ತೆಗೆಯುತ್ತೀರಿ ಅಂತ ದಿನಾ ಕೇಳಿ.

ಹಾವೇರಿ ತವರು
ಮಗುವನ್ನು ನೋಡಲು ಬರುವವರಿಗೆ ಏನು ಹೇಳುವುದು? ಅವಳ ಅತ್ತೆ ಮನೆಯವರು ದೊಡ್ಡ ಕುಟುಂಬ.

ನೈಟ್ ಡ್ಯೂಟಿ ಸಿಸ್ಟರ್
ನೋಡಲಿ. ಎತ್ತಿಕೊಳ್ಳುವವರು ಕೈ ತೊಳೆಯಲಿ, ನೆಗಡಿ ಇದ್ದವರು ಬಾಗಿಲಲ್ಲೇ ನಿಲ್ಲಲಿ. ನಮ್ಮಂಥ ದೇಶಗಳಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೆ ಸೋಂಕು ಶ್ರೀಮಂತ ದೇಶಗಳಿಗಿಂತ 3ರಿಂದ 20 ಪಟ್ಟು ಜಾಸ್ತಿ. ಹೇಳಲು ನಾಚಿಕೆ ಆದರೆ "ಡಾಕ್ಟರು ಹೇಳಿದ್ದಾರೆ" ಅನ್ನಿ. ಸಿಸ್ಟರ್ ಅಂದರೆ ಯಾರೂ ಕೇಳುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿ
ಟ್ರ್ಯಾಕ್ಸ್ ಬಂದರೆ ಬಿಲ್ಲು ಮಾತ್ರ ಕೊಡಬೇಡಿ.